ಗುರಿಗಣ್ಣು: ಅದರ ಆಯ್ಕೆಯೂ ಆರೈಕೆಯೂ



‘ಸೈಟು’ ಎಂಬ ಮಾತು ಕಿವಿಗೆ ಬಿದ್ದೊಡನೆ ನಗರವಾಸಿಗಳಾದ ನಮ್ಮೆಲ್ಲರ ಮನಸ್ಸೂ ಹೊಸ ಬಡಾವಣೆಗಳ ಕಡೆಗೆ ಓಡುವುದು ಸಹಜ. ಇಂದು ನಾವು ಹೇಳಹೊರಟಿರುವುದು ಮನೆ ಕಟ್ಟುವ ಸೈಟಿನ ವಿಚಾರವಲ್ಲ. ಕೋವಿಯ ನಳಿಗೆಯ ಮೇಲೆ ಕುಳಿತು ಗುರಿಯನ್ನು ತೋರಿಸುವ ಸೈಟಿನ ವಿಚಾರ. ಗೊಂದಲಕ್ಕೆ ಎಡೆಯಾಗದಿರಲೆಂದು ಅದನ್ನು ‘ಗುರಿಗಣ್ಣು’ ಎಂದು ಕರೆಯೋಣ. ಕೋವಿಯನ್ನು ಎಂದೂ ಮುಟ್ಟದವರಿಗೂ ಇದರಲ್ಲಿ ಸ್ವಾರಸ್ಯವುಂಟು. ಏಕೆಂದರೆ ಕಣ್ಣಿನ ಸ್ವಭಾವ, ಗಾಜಿನ ಸ್ವಭಾವ, ನಮ್ಮ ಮಳೆಗಾಲದ ಸ್ವಭಾವ ಈ ಮೂರೂ ಇಲ್ಲಿ ಒಂದೆಡೆ ಸೇರುತ್ತವೆ.

ಕೆಲವು ವರ್ಷಗಳ ಹಿಂದೆ ಕೊಡಗಿನ ಸ್ನೇಹಿತರೊಬ್ಬರು ಕೈಲ್‌ಪೋಳ್ದ್ ಹಬ್ಬಕ್ಕೆ ನಮ್ಮನ್ನು ತಮ್ಮ ಮನೆಗೆ ಕರೆದಿದ್ದರು. ಗದ್ದೆಗಳಲ್ಲಿ ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಬರುವ ಹಬ್ಬವದು. ಆಯುಧಗಳನ್ನು ತೋಕ್‌ಪೂವಿನಿಂದ ಅಲಂಕರಿಸಿ ಪೂಜಿಸಿದ ತರುವಾಯ, ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದು ಅಲ್ಲಿನ ಪದ್ಧತಿ. ನಮ್ಮ ಸ್ನೇಹಿತರ ಕೋವಿಯ ಮೇಲೆ ಹನ್ನೆರಡು ಪಾಲು ಹಿಗ್ಗಿಸಿ ತೋರಿಸುವ ಬೆಲೆಬಾಳುವ ದೂರದರ್ಶಕವಿತ್ತು. ಅವರು ಮೂರು ಗುಂಡು ಹೊಡೆದರು, ಕಾಯಿ ಅಲುಗಲಿಲ್ಲ. ಅವರ ದೊಡ್ಡಪ್ಪನವರು ಬರಿಯ ಕಬ್ಬಿಣದ ಕಚ್ಚಿನ ಹಳೆಯ ಕೋವಿಯಿಂದ ಒಂದೇ ಗುಂಡಿಗೆ ಕಾಯನ್ನು ಒಡೆದರು.

“ನನ್ನ ಕೈ ಹೋಯಿತು ದೊಡ್ಡಪ್ಪ. ಇನ್ನು ಕೋವಿ ಹಿಡಿಯುವುದಿಲ್ಲ” ಎಂದು ಸ್ನೇಹಿತರು ನಿಟ್ಟುಸಿರಿಟ್ಟರು.

“ಕೈಯ ಮಾತು ಆಮೇಲೆ. ಮೊದಲು ಕೋವಿಯನ್ನು ಖಾಲಿ ಮಾಡಿ, ಆ ಕೊಳವೆಯನ್ನು ಕಳಚಿ ಕೊಡು” ಎಂದರು ಹಿರಿಯರು.

ಕಳಚುವಾಗಲೇ ಕೊಳವೆಯನ್ನು ಬಿಗಿದಿದ್ದ ಹಿಂದಿನ ಬಳೆಯ ತಿರುಪು ಸಡಿಲವಾಗಿದ್ದುದು ಗೊತ್ತಾಯಿತು. ಆಕಾಶದ ಬೆಳಕಿಗೆ ಹಿಡಿದು ನೋಡಿದರೆ ಮಸೂರದ ಒಳಮೈಯಲ್ಲಿ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು. ತಪ್ಪು ಕೈಯದಾಗಿರಲಿಲ್ಲ; ಆದರೂ ಪಾಪ, ಕೈಯೇ ಅಪರಾಧಿಯಾಗಿ ನಿಂತಿತ್ತು. ಅಂದಿನಿಂದ ಈ ವಿಷಯವನ್ನು ಕುರಿತು ಸ್ವಲ್ಪ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡೆವು.

ಮೊದಲು ಕಬ್ಬಿಣದ ಗುರಿಗಣ್ಣನ್ನು ನೋಡೋಣ. ನಳಿಗೆಯ ತುದಿಯಲ್ಲೊಂದು ಮುಳ್ಳು, ಹಿಂದೆ ಒಂದು ಕಚ್ಚು, ದೂರದಲ್ಲಿ ಗುರಿ. ಈ ಮೂರನ್ನೂ ಒಂದು ಗೆರೆಗೆ ತರಬೇಕು. ಆದರೆ ಮನುಷ್ಯನ ಕಣ್ಣು ಒಂದು ಕ್ಷಣದಲ್ಲಿ ಒಂದೇ ದೂರವನ್ನು ಸ್ಫುಟವಾಗಿ ಕಾಣಬಲ್ಲುದು. ಆದುದರಿಂದ ನುರಿತವರು ದೃಷ್ಟಿಯನ್ನು ಮುಂದಿನ ಮುಳ್ಳಿನ ಮೇಲೆ ನಿಲ್ಲಿಸಿ, ಗುರಿ ತುಸು ಮಸುಕಾಗಿ ಕಂಡರೂ ಸಹಿಸಿಕೊಳ್ಳುತ್ತಾರೆ. ಮುಳ್ಳಿನ ವಿಷಯದಲ್ಲಿ ಇಷ್ಟು ಎಚ್ಚರವೇಕೆಂಬುದನ್ನು ಲೆಕ್ಕವೇ ಹೇಳುತ್ತದೆ. ಕಚ್ಚಿಗೂ ಮುಳ್ಳಿಗೂ ನಡುವೆ 60 ಸೆಂಟಿಮೀಟರು ಅಂತರವಿದ್ದು, ಮುಳ್ಳು 1 ಮಿಲಿಮೀಟರಿನಷ್ಟು ಪಕ್ಕಕ್ಕೆ ಸರಿದರೆ, 100 ಮೀಟರು ದೂರದಲ್ಲಿ ಗುಂಡು ಸುಮಾರು 17 ಸೆಂಟಿಮೀಟರು ಪಕ್ಕಕ್ಕೆ ಬೀಳುತ್ತದೆ. ನಲವತ್ತು ದಾಟಿ ಚಾಳೀಸು ಬಂದ ನಮ್ಮಂಥವರಿಗೆ ಹತ್ತಿರದ ಕಚ್ಚು ಮಂಜಾಗಿ ತೋರುವುದು. ಅಂಥವರಿಗೆ ಕಚ್ಚಿನ ಬದಲು ಸಣ್ಣ ರಂಧ್ರವಿರುವ ಗುರಿಗಣ್ಣು ಮೇಲು. ರಂಧ್ರದ ಮೂಲಕ ನೋಡಿದಾಗ ಹತ್ತಿರದ್ದೂ ದೂರದ್ದೂ ಏಕಕಾಲಕ್ಕೆ ತಕ್ಕಮಟ್ಟಿಗೆ ಸ್ಫುಟವಾಗುತ್ತವೆ. ಕನ್ನಡಕವನ್ನು ಮರೆತುಬಂದವರು ಕೈಬೆರಳುಗಳನ್ನು ಮಡಿಸಿ, ಕಿರಿದಾದ ಸಂದಿಯಿಂದ ಬೋರ್ಡನ್ನು ಓದುವುದೂ ಇದೇ ತತ್ತ್ವದಿಂದ.

ದೂರದರ್ಶಕವು ಈ ತೊಡಕನ್ನು ಬೇರೊಂದು ರೀತಿಯಲ್ಲಿ ಬಿಡಿಸಿತು. ಸುಮಾರು 1640ರಲ್ಲಿ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯಿನ್ ಎಂಬ ಖಗೋಳಪ್ರಿಯನ ದೂರದರ್ಶಕದೊಳಗೆ ಜೇಡವೊಂದು ನೂಲೆಳೆಯಿತು. ಆ ನೂಲು ಬಿಂಬ ಮೂಡುವ ಜಾಗದಲ್ಲಿಯೇ ಇದ್ದುದರಿಂದ ದೂರದ ವಸ್ತುವೂ ನೂಲೂ ಒಟ್ಟಿಗೆ ಸ್ಫುಟವಾಗಿ ಕಂಡವು. ಇಂದಿನ ದೂರದರ್ಶಕ ಗುರಿಗಣ್ಣಿನ ಕತ್ತರಿಗೆರೆಗಳಿಗೆ ಮೂಲ ಇದೇ. ಅಂದು ಆ ನೂಲು ವರವಾಯಿತು. ನಮ್ಮ ಸ್ನೇಹಿತರ ಕೊಳವೆಯೊಳಗಿನ ನೂಲು ಮಾತ್ರ ಶಾಪವೇ ಆಯಿತು.

ಆಯ್ಕೆಯ ವಿಷಯದಲ್ಲಿ ಜನಸಾಮಾನ್ಯರ ದೊಡ್ಡ ಭ್ರಮೆಯೆಂದರೆ, ಹೆಚ್ಚು ಹಿಗ್ಗಿಸುವುದೇ ಹೆಚ್ಚು ಉತ್ತಮವೆಂಬುದು. ಹಿಗ್ಗುವುದು ಗುರಿಯೊಂದೇ ಅಲ್ಲ, ಕೈಯ ನಡುಕವೂ ಅಷ್ಟೇ ಪಾಲು ಹಿಗ್ಗುವುದು. ಕಾಣುವ ಪ್ರದೇಶವಾದರೋ ಕುಗ್ಗುವುದು. ಬೆಳಕೂ ಕಡಿಮೆಯಾಗುವುದು. ಮುಂದಿನ ಮಸೂರದ ವ್ಯಾಸವನ್ನು ಹಿಗ್ಗಿನ ಪ್ರಮಾಣದಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಕ್ಕುತ್ತದೆ. ಮಸೂರ 32 ಮಿಲಿಮೀಟರಿನದಾಗಿದ್ದು ಹಿಗ್ಗು ನಾಲ್ಕು ಪಾಲಾದರೆ 8 ಮಿಲಿಮೀಟರು. ಅದೇ ಮಸೂರಕ್ಕೆ ಹಿಗ್ಗು ಹನ್ನೆರಡು ಪಾಲಾದರೆ 3 ಮಿಲಿಮೀಟರಿಗೂ ಕಡಿಮೆ. ಮುಸ್ಸಂಜೆಯಲ್ಲಿ ನಮ್ಮ ಕಣ್ಣಿನ ಪಾಪೆ ಇದಕ್ಕಿಂತ ಅಗಲವಾಗಿ ತೆರೆದಿದ್ದರೂ ತುಂಬಲು ಬೆಳಕು ಸಾಲದು. ಐವತ್ತು ಗಜದ ತೆಂಗಿನಕಾಯಿಗೆ ಹನ್ನೆರಡು ಪಾಲಿನ ದೂರದರ್ಶಕ ಇರುವೆಯನ್ನು ನೋಡಲು ಗೋಪುರವನ್ನೇರಿದಂತೆ.

ಇನ್ನೆರಡು ಅಂಶಗಳನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಕೊಳವೆಯನ್ನು ಅಲುಗದಂತೆ ಇರಿಸಿ, ತಲೆಯನ್ನು ಮಾತ್ರ ಅತ್ತಿತ್ತ ಸರಿಸಿ ನೋಡಬೇಕು. ಕತ್ತರಿಗೆರೆ ಗುರಿಯ ಮೇಲೆ ಜಾರಿದಂತೆ ಕಂಡರೆ ಬಿಂಬವೂ ಗೆರೆಯೂ ಆ ದೂರಕ್ಕೆ ಒಂದೇ ತಳದಲ್ಲಿಲ್ಲವೆಂದು ಅರ್ಥ. ಗೋಡೆಯ ಗಡಿಯಾರವನ್ನು ಪಕ್ಕದಿಂದ ನೋಡಿದವನಿಗೆ ಮುಳ್ಳು ಒಂದು ನಿಮಿಷ ಹೆಚ್ಚುಕಡಿಮೆ ತೋರುವಂತೆಯೇ ಇದು. ಎರಡನೆಯದಾಗಿ, ಪೂರ್ಣ ಬಿಂಬ ಕಾಣುವಾಗ ಕಣ್ಣಿಗೂ ಕೊಳವೆಗೂ ಸಾಕಷ್ಟು ಅಂತರವಿರಬೇಕು; ಸಾಮಾನ್ಯವಾಗಿ 8ರಿಂದ 10 ಸೆಂಟಿಮೀಟರು. ಇಲ್ಲವಾದರೆ ಕೋವಿ ಹಿಂದಕ್ಕೆ ಒದೆದಾಗ ಹುಬ್ಬು ಸೀಳುವುದು.

ಇನ್ನು ಗಾಜಿನ ವಿಚಾರ. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ಬೆಳಕಿನ ನೂರರಲ್ಲಿ ಸುಮಾರು 4 ಪಾಲನ್ನು ಹಿಂದಕ್ಕೆ ಎಸೆಯುವುದು. ಇಂತಹ ಹತ್ತು ಮೈಗಳಿದ್ದರೆ ಮೂರನೆಯ ಒಂದು ಪಾಲು ದಾರಿಯಲ್ಲೇ ನಷ್ಟ. ಜರ್ಮನಿಯ ಜೈಸ್ ಸಂಸ್ಥೆಯಲ್ಲಿ ಅಲೆಕ್ಸಾಂಡರ್ ಸ್ಮಾಕುಲ ಎಂಬ ವಿಜ್ಞಾನಿ 1935ರಲ್ಲಿ ಕಂಡುಹಿಡಿದ ತೆಳು ಲೇಪವು ಈ ನಷ್ಟವನ್ನು ಬಹಳ ಮಟ್ಟಿಗೆ ತಡೆಯಿತು. ಆ ಲೇಪ ಬಹು ಸೂಕ್ಷ್ಮವಾದುದು. ಪಂಚೆಯ ಸೆರಗಿನಿಂದಲೋ ಅಂಗಿಯ ಚುಂಗಿನಿಂದಲೋ ಒರಸಿದರೆ ಬಟ್ಟೆಗಂಟಿದ ಮರಳಿನ ಕಣವೇ ಉಜ್ಜುಗಾಗದದಂತೆ ಅದನ್ನು ಗೀರುವುದು. ಮೊದಲು ಗಾಳಿ ಊದುವ ರಬ್ಬರು ಬುರುಡೆಯಿಂದ ಧೂಳನ್ನು ಹಾರಿಸಿ, ಉಳಿದುದನ್ನು ಮೃದುವಾದ ಕುಂಚದಿಂದ ತೆಗೆದು, ಕಟ್ಟಕಡೆಗೆ ಮಾತ್ರ ಮಸೂರಕ್ಕೆಂದೇ ಇರುವ ದ್ರಾವಣವನ್ನು ಶುಭ್ರವಾದ ಕಾಗದಕ್ಕೆ ಸೋಕಿಸಿ, ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತ ಒರಸತಕ್ಕದ್ದು. ನಳಿಗೆಗೆ ಹಚ್ಚುವ ಎಣ್ಣೆ ಗಾಜಿಗೆ ತಾಗಕೂಡದು.

ಮಲೆನಾಡಿನಲ್ಲಿ ಗಾಜಿನ ಪರಮಶತ್ರು ಬೂಷ್ಟು. ತೇವವೂ ಕತ್ತಲೆಯೂ ಗಾಳಿಯಾಡದಿರುವಿಕೆಯೂ ಕೂಡಿದಲ್ಲಿ ಅದು ಬೆಳೆಯುವುದು. ಬೆಳೆಯುತ್ತ ಆಮ್ಲವನ್ನು ಸ್ರವಿಸಿ ಲೇಪವನ್ನೂ ಗಾಜನ್ನೂ ಕೊರೆಯುವುದು. ಚರ್ಮದ ಚೀಲವು ನೋಟಕ್ಕೆ ಗಂಭೀರವಾದರೂ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಮಳೆಗಾಲದಲ್ಲಿ ಬೂಷ್ಟಿಗೆ ತವರುಮನೆ. ಗಾಳಿಹೋಗದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ಲಿನ ಹರಳುಗಳೊಡನೆ ಇಟ್ಟು, ಆ ಹರಳುಗಳನ್ನು ಆಗಾಗ ಬಿಸಿಮಾಡಿ ಒಣಗಿಸುತ್ತಿದ್ದರೆ ಸಾಕು. ಒಳ್ಳೆಯ ಕೊಳವೆಗಳಲ್ಲಿ ಒಣ ನೈಟ್ರೋಜನ್ ಅನಿಲವನ್ನು ತುಂಬಿ ಮುದ್ರೆ ಮಾಡಿರುತ್ತಾರೆ. ಕುತೂಹಲದಿಂದ ಅದನ್ನು ಬಿಚ್ಚಿದವನು ಮಳೆಗಾಲವನ್ನು ತಾನಾಗಿಯೇ ಒಳಕ್ಕೆ ಕರೆದಂತೆ.

ಗಾಜು ಎಷ್ಟೇ ಶುಭ್ರವಾಗಿರಲಿ, ಬಿಗಿತ ತಪ್ಪಿದರೆ ಎಲ್ಲವೂ ವ್ಯರ್ಥ. ಪ್ರಯಾಣ ಮಾಡಿದ ಮೇಲೆ, ಕೋವಿ ಕೆಳಗೆ ಬಿದ್ದ ಮೇಲೆ, ಮಳೆಗಾಲ ಕಳೆದ ಮೇಲೆ ತಿರುಪುಗಳನ್ನು ನೋಡಿ, ಕಾಗದದ ಗುರಿಗೆ ಹೊಡೆದು ಸರಿಪಡಿಸಿಕೊಳ್ಳಬೇಕು. ಸರಿಪಡಿಸುವ ಗುಂಡಿಯ ಒಂದು ‘ಕಟಕ್’ ಸಾಮಾನ್ಯವಾಗಿ ಒಂದು ಅಂಶದ 240ನೆಯ ಒಂದು ಪಾಲು. 100 ಮೀಟರಿಗೆ ಸುಮಾರು 7 ಮಿಲಿಮೀಟರು. ಈ ಕೆಲಸಕ್ಕೆ ಪರವಾನಗಿ ಪಡೆದ ಗುಂಡಿನ ಅಭ್ಯಾಸದ ಮೈದಾನವೇ ಸ್ಥಾನ. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಬೇಟೆಯ ಕಾಲ ಮುಗಿಯಿತಷ್ಟೆ. ಮತ್ತೊಂದು ಮಾತು: ಕೋವಿಯ ಮೇಲಿನ ದೂರದರ್ಶಕದಿಂದ ‘ಅಲ್ಲಿ ಬರುವವರು ಯಾರು’ ಎಂದು ನೋಡುವುದು ಘೋರ ಅಪರಾಧ. ಕಣ್ಣು ನೋಡಿದಲ್ಲಿಗೆ ನಳಿಗೆಯೂ ನೋಡುತ್ತಿರುವುದನ್ನು ಮರೆಯಬಾರದು.

2008ರ ಆಗಸ್ಟ್ 11ರಂದು ಬೀಜಿಂಗಿನ ಒಲಿಂಪಿಕ್ ಕ್ರೀಡೆಯಲ್ಲಿ ಅಭಿನವ್ ಬಿಂದ್ರಾ ಅವರು ಅಂತಿಮ ಸುತ್ತಿಗೆ ನಿಂತರು. 10 ಮೀಟರಿನ ಆ ಸ್ಪರ್ಧೆಯಲ್ಲಿ ಹತ್ತರ ಚುಕ್ಕೆಯ ಅಗಲ ಕೇವಲ ಅರ್ಧ ಮಿಲಿಮೀಟರು. ದೂರದರ್ಶಕವನ್ನು ನಿಯಮ ಒಪ್ಪದು, ರಂಧ್ರದ ಗುರಿಗಣ್ಣೇ ಗತಿ. ಅಭ್ಯಾಸದ ಮೊದಲ ಗುಂಡು ನಾಲ್ಕರ ವೃತ್ತಕ್ಕೆ ಬಿತ್ತೆಂದು ಅವರೇ ತರುವಾಯ ತಿಳಿಸಿದ್ದಾರೆ. ತಮ್ಮ ಕೈಯನ್ನೂ ಗುರಿಗಣ್ಣನ್ನೂ ಸಮನಾಗಿ ಬಲ್ಲವರಾದುದರಿಂದ, ಸರಿದಿರುವುದು ಗುರಿಗಣ್ಣೆಂದು ಅರಿತು, ಉಳಿದ ಅಲ್ಪಕಾಲದಲ್ಲಿಯೇ ಸರಿಪಡಿಸಿಕೊಂಡರು. ಕಡೆಯ ಗುಂಡಿಗೆ 10.8 ಅಂಕ ಬಂದು, ವೈಯಕ್ತಿಕ ಸ್ಪರ್ಧೆಯಲ್ಲಿ ಭಾರತಕ್ಕೆ ಮೊದಲ ಒಲಿಂಪಿಕ್ ಚಿನ್ನ ದೊರೆಯಿತು.

ಉಪಕರಣವನ್ನು ಚೆನ್ನಾಗಿ ಇಟ್ಟುಕೊಂಡವನಿಗೆ ಮಾತ್ರ ತಪ್ಪು ತನ್ನದೋ ಅದರದೋ ಎಂದು ಹೇಳುವ ಅಧಿಕಾರವಿರುತ್ತದೆ. ನಮ್ಮ ಸ್ನೇಹಿತರ ಮಸೂರವನ್ನು ಬೂಷ್ಟು ಆಗಲೇ ಕೊರೆದಿತ್ತು, ಅದು ದುರಸ್ತಿಯಾಗಲಿಲ್ಲ. ಅವರು ನಾಲ್ಕು ಪಾಲಿನ ಸಾಧಾರಣ ದೂರದರ್ಶಕವೊಂದನ್ನು ಕೊಂಡು, ಡಬ್ಬಿಯಲ್ಲಿ ಹರಳಿನೊಡನೆ ಜೋಪಾನ ಮಾಡಿದರು. ಮರುವರ್ಷದ ಹಬ್ಬದಲ್ಲಿ ಎರಡನೆಯ ಗುಂಡಿಗೆ ಕಾಯಿ ಒಡೆಯಿತಂತೆ. ಮೊದಲನೆಯ ಗುಂಡು ತಪ್ಪಿದ್ದು ತಮ್ಮ ಕೈಯಿಂದಲೇ ಎಂದು ನಗುತ್ತ ಕಾಗದ ಬರೆದಿದ್ದರು.