ಓಡುವ ರೋಬಾಟ್‌ಗೆ ಓಡಾಡುವವರು ಕಾಣುವುದು ಹೇಗೆ?

ಪ್ರಶ್ನೆ: ರೋಬಾಟ್ ತಾನೇ ಚಲಿಸುತ್ತಿರುವಾಗ, ಸುತ್ತ ಚಲಿಸುತ್ತಿರುವುದು ಯಾವುದೆಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ?

ಉತ್ತರ: ತೊಡಕಿರುವುದೇ ಅಲ್ಲಿ. ರೋಬಾಟ್ ಹೊರಟ ಕೂಡಲೇ ಕ್ಯಾಮೆರಾದ ಚಿತ್ರದಲ್ಲಿ ಗೋಡೆ, ಕಂಬ, ಮೇಜು ಎಲ್ಲವೂ ಸರಿಯತೊಡಗುತ್ತವೆ. ಇವುಗಳ ನಡುವೆ ನಿಜವಾಗಿ ಚಲಿಸುತ್ತಿರುವುದನ್ನು ಬೇರ್ಪಡಿಸಲು ಸುತ್ತಲೂ ಒಮ್ಮೆಗೇ ನೋಡುವ ಕಣ್ಣು ನೆರವಾಗುತ್ತದೆ.

ಮೇಲ್ಮುಖವಾಗಿ ನಿಲ್ಲಿಸಿದ ಮಾಮೂಲಿ ಕ್ಯಾಮೆರಾ, ಅದರ ಮೇಲೆ ತಲೆಕೆಳಗಾಗಿ ಕೂರಿಸಿದ ಉಬ್ಬುಗನ್ನಡಿ: ಇಷ್ಟಿದ್ದರೆ ಸುತ್ತಲಿನ 360 ಡಿಗ್ರಿಯೂ ಒಂದೇ ಚಿತ್ರದಲ್ಲಿ ಉಂಗುರವಾಗಿ ಮೂಡುತ್ತದೆ. 1990ರ ದಶಕದಲ್ಲಿ ಜಪಾನಿನ ಯಾಸುಶಿ ಯಾಗಿ ಮತ್ತು ಸಂಗಡಿಗರು ಇಂಥ ಕನ್ನಡಿಗಳನ್ನು ರೋಬಾಟ್‌ಗೆ ಅಳವಡಿಸಿದರು. ಮುಂದೆ ರೋಬಾಟ್‌ಗಳ ಸ್ಪರ್ಧೆಯಾದ ರೋಬೋಕಪ್‌ನ ಫುಟ್‌ಬಾಲ್ ರೋಬಾಟ್‌ಗಳ ನೆತ್ತಿಯನ್ನೂ ಇವು ಏರಿದವು.

ರೋಬಾಟ್ ನೇರ ಸಾಗಿದಾಗ ನಿಂತ ವಸ್ತುಗಳೆಲ್ಲ ಈ ಚಿತ್ರದಲ್ಲಿ ಎದುರಿನ ಬಿಂದುವಿನಿಂದ ಹರಡಿ, ಇಕ್ಕೆಲಗಳಲ್ಲಿ ಹಾದು, ಬೆನ್ನ ಹಿಂದಿನ ಬಿಂದುವಿನತ್ತ ಕೂಡುತ್ತವೆ. ಎರಡು ಬಿಂದುಗಳೂ ಒಟ್ಟಿಗೇ ಕಾಣುವುದರಿಂದ ರೋಬಾಟ್ ತನ್ನ ಚಲನೆಯನ್ನು ಚೆನ್ನಾಗಿ ಲೆಕ್ಕಹಾಕಬಲ್ಲದು. ಆ ಲೆಕ್ಕಕ್ಕೆ ಹೊಂದದೆ ಸರಿಯುವುದು ತಾನೇ ಚಲಿಸುತ್ತಿದೆ ಎಂದರ್ಥ; ಉದಾಹರಣೆಗೆ, ಅಡ್ಡ ಹಾಯುವ ಮನುಷ್ಯ.

ರೋಬಾಟಿನ ಹಾದಿಗೆ ಸಮಾಂತರವಾಗಿ ಎದುರು ಬರುವವರನ್ನು ಗುರುತಿಸುವುದು ಮಾತ್ರ ಕಷ್ಟ. ಅವರು ಹತ್ತಿರದಲ್ಲಿ ನಿಂತ ಕಂಬದ ಹಾಗೆಯೇ ಸರಿಯುತ್ತಾರೆ.