ಎದುರಾಳಿಯ ಮೇಲೆ ಸಿಟ್ಟೇಕೆ?

ಯಲ್ಲಾಪುರ ತಾಲ್ಲೂಕಿನ ಚಂದಗುಳಿ ಎಂದರೆ ಘಂಟೆ ಗಣಪತಿಯ ಊರು ಎಂದು ನಿಮ್ಮಲ್ಲಿ ಹಲವರು ಬಲ್ಲಿರಿ. ಅಲ್ಲಿ ಮಂಚೀಕೇರಿಯ ಹುಡುಗರೊಡನೆ ಒಂದು ವಾಲಿಬಾಲ್ ಪಂದ್ಯ ನಡೆದಿದೆ ಎಂದು ಭಾವಿಸಿಕೊಳ್ಳಿ. ಮಂಚೀಕೇರಿಯ ಎತ್ತರದ ಹುಡುಗನೊಬ್ಬ ಒಂದರ ಮೇಲೊಂದು ಸ್ಮ್ಯಾಶ್ ಹೊಡೆದು ನಗುತ್ತಾನೆ. "ಎಷ್ಟು ಜಂಬ ನೋಡು ಅವನಿಗೆ!" ಎಂದು ಚಂದಗುಳಿಯವರು ಸಿಡುಕುತ್ತಾರೆ. ಮುಂದಿನ ತಿಂಗಳು ಅದೇ ಹುಡುಗ ಯಲ್ಲಾಪುರ ತಾಲ್ಲೂಕಿನ ತಂಡದಲ್ಲಿ ಶಿರಸಿಯವರ ಎದುರು ಆಡುತ್ತಾನೆ. ಈಗ ಅದೇ ನಗು ಚಂದಗುಳಿಯವರಿಗೆ ಧೈರ್ಯವಾಗಿ ಕಾಣುತ್ತದೆ. ಜಿಲ್ಲೆಯ ತಂಡ ಧಾರವಾಡದ ಎದುರು ಇಳಿದಾಗ ಶಿರಸಿಯವನೂ ನಮ್ಮವನೇ ಆಗುತ್ತಾನೆ. ಆಟಗಾರ ಬದಲಾಗಲಿಲ್ಲ. ಹಾಗಾದರೆ ಬದಲಾದದ್ದು ಏನು?

"ನಾವು" ಎಂದು ನಾವು ಎಳೆದುಕೊಳ್ಳುವ ಗೆರೆ. ಈ ಗೆರೆಯನ್ನು ಎಳೆಯಲು ದೊಡ್ಡ ಕಾರಣವೇನೂ ಬೇಕಿಲ್ಲ. 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹೆನ್ರಿ ತಾಜ್‌ಫೆಲ್ ಎಂಬ ಮನೋವಿಜ್ಞಾನಿ ಶಾಲಾ ಹುಡುಗರನ್ನು ಎರಡು ಗುಂಪು ಮಾಡಿದರು. ಯಾವ ಚಿತ್ರಕಾರನ ಚಿತ್ರ ಇಷ್ಟವಾಯಿತು ಎಂಬುದರ ಮೇಲೆ ಗುಂಪು ಮಾಡಿದ್ದೇವೆ ಎಂದು ಹುಡುಗರಿಗೆ ಹೇಳಲಾಗಿತ್ತು. ನಿಜದಲ್ಲಿ ಅವರನ್ನು ಮನಬಂದಂತೆ ಹಂಚಲಾಗಿತ್ತು. ಆದರೂ ಹಣ ಹಂಚುವಾಗ ಹುಡುಗರು ತಮ್ಮ ಗುಂಪಿಗೇ ಹೆಚ್ಚು ಕೊಟ್ಟರು. ಇನ್ನೂ ವಿಚಿತ್ರವೆಂದರೆ, ತಮ್ಮವರಿಗೆ ಸ್ವಲ್ಪ ಕಡಿಮೆಯಾದರೂ ಸರಿ, ಎದುರಿನವರಿಗಿಂತ ಮುಂದಿರಬೇಕು ಎಂಬ ಹಟವೂ ಕಂಡುಬಂತು. ಕ್ಷಣಮಾತ್ರದ ಗುಂಪಿಗೇ ಹೀಗಾದರೆ ಹುಟ್ಟೂರು, ಭಾಷೆ, ನಾಡುಗಳ ಹೆಸರು ಹೊತ್ತ ತಂಡಗಳ ಮಾತೇನು?

ತಂಡದ ಗೆಲುವಿನಲ್ಲಿ ನಮ್ಮ ಮಾನವೂ ಸೇರಿಕೊಂಡಿರುತ್ತದೆ. ಪಂದ್ಯ ಮುಗಿದ ಮೇಲೆ ನಿಮ್ಮ ಗೆಳೆಯರ ಮಾತನ್ನೇ ಗಮನಿಸಿ. ಗೆದ್ದರೆ "ನಾವು ಗೆದ್ದೆವು", ಸೋತರೆ "ಅವರು ಸರಿಯಾಗಿ ಆಡಲಿಲ್ಲ." ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ಇದೇ ಬಗೆಯ ಮಾತಿನ ವ್ಯತ್ಯಾಸವನ್ನು ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ವರದಿ ಮಾಡಿದರು. ನಮ್ಮ ಮಾನಕ್ಕೆ ಪೆಟ್ಟು ಕೊಡಬಲ್ಲವನು ಎದುರಾಳಿ. ಆದುದರಿಂದಲೇ ದೂರದ, ದುರ್ಬಲ ತಂಡಗಳ ಮೇಲೆ ನಮಗೆ ಸಿಟ್ಟು ಬರುವುದಿಲ್ಲ. ಹತ್ತಿರದ, ಸರಿಸಮಾನ ತಂಡದ ಮೇಲೆ ಬರುತ್ತದೆ.

"ಟಿವಿಯಲ್ಲಿ ಕಣ್ಣಾರೆ ಕಂಡಿದ್ದೇವಲ್ಲ, ತಪ್ಪು ಅವರದೇ" ಎಂದು ನೀವು ವಾದಿಸಬಹುದು. ದೃಶ್ಯ ಮಾಧ್ಯಮದಲ್ಲಿ ದುಡಿಯುವವನಾಗಿ ಹೇಳುತ್ತೇನೆ: ಕ್ಯಾಮೆರಾ ತೋರಿಸುವುದು ಒಂದೇ ಚಿತ್ರವಾದರೂ ಎಲ್ಲರೂ ಕಾಣುವುದು ಒಂದನ್ನೇ ಅಲ್ಲ. 1951ರಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಒಂದು ಒರಟು ಫುಟ್‌ಬಾಲ್ ಪಂದ್ಯ ನಡೆಯಿತು. ಅದರ ಒಂದೇ ಫಿಲ್ಮನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ ತಪ್ಪುಗಳನ್ನು ಎಣಿಸಲು ಹೇಳಲಾಯಿತು. ಡಾರ್ಟ್‌ಮತ್ ಆಟಗಾರರ ತಪ್ಪುಗಳು ಅವರದೇ ವಿದ್ಯಾರ್ಥಿಗಳಿಗೆ ಕಂಡದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಪ್ರಿನ್ಸ್‌ಟನ್‌ನವರಿಗೆ ಕಂಡವು. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಕಂಡದ್ದೇ ಹಾಗೆ.

ನಮ್ಮ ನಾಡಿನ ಒಂದು ಉದಾಹರಣೆ ನೋಡೋಣ. 1958–59ರಿಂದ ಸತತ 15 ವರ್ಷ ರಣಜಿ ಟ್ರೋಫಿ ಮುಂಬೈಯದಾಗಿತ್ತು. 1974ರಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಪ್ರಸನ್ನ ನಾಯಕತ್ವದ ಕರ್ನಾಟಕ ಆ ಸರಪಣಿಯನ್ನು ಕಡಿಯಿತು. ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಶತಕ ಹೊಡೆದರು. ಸುನಿಲ್ ಗಾವಸ್ಕರ್ ಅವರನ್ನು ಪ್ರಸನ್ನ ಬೌಲ್ಡ್ ಮಾಡಿದರು. ಕನ್ನಡಿಗರಿಗೆ ಅದಕ್ಕಿಂತ ಸಿಹಿಯಾದ ವಿಕೆಟ್ ಬೇರೊಂದಿರಲಿಲ್ಲ. ಆದರೆ ಅದೇ ವರ್ಷದ ಬೇಸಿಗೆಯಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಹೋದ ಭಾರತ ತಂಡದಲ್ಲಿ ಗಾವಸ್ಕರ್, ಪ್ರಸನ್ನ, ವಿಶ್ವನಾಥ್ ಮೂವರೂ ಇದ್ದರು. ಮ್ಯಾಂಚೆಸ್ಟರ್‌ನಲ್ಲಿ ಗಾವಸ್ಕರ್ ಶತಕ ಹೊಡೆದಾಗ ಅವರು ನಮ್ಮ ಗಾವಸ್ಕರ್. ಆಟಗಾರರಲ್ಲಂತೂ ಈ ಗೆರೆ ಇನ್ನೂ ತೆಳುವಾಗಿತ್ತು. ವಿಶ್ವನಾಥ್ ಮದುವೆಯಾದದ್ದು ಗಾವಸ್ಕರ್ ಅವರ ತಂಗಿಯನ್ನು. ಗಾವಸ್ಕರ್ ತಮ್ಮ ಮಗನಿಗಿಟ್ಟ ರೋಹನ್ ಜೈವಿಶ್ವ ಎಂಬ ಹೆಸರಿನಲ್ಲಿ ವಿಶ್ವನಾಥರ ಹೆಸರೂ ಸೇರಿದೆ.

ಇಂದಿನ ಐಪಿಎಲ್ ಇದೇ ಗೆರೆಯನ್ನು ಇನ್ನೊಂದು ರೀತಿ ಎಳೆಯುತ್ತದೆ. 2025ರ ಏಪ್ರಿಲ್‌ನಲ್ಲಿ ನಮ್ಮವರೇ ಆದ ಕೆ.ಎಲ್. ರಾಹುಲ್ ಡೆಲ್ಲಿ ತಂಡದ ಪರ ಔಟಾಗದೆ 93 ರನ್ ಹೊಡೆದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ಬೆಂಗಳೂರು ತಂಡವನ್ನು ಸೋಲಿಸಿದರು. ಇದು ನನ್ನ ಅಂಗಳ ಎನ್ನುವಂತೆ ಬ್ಯಾಟಿನಿಂದ ನೆಲದ ಮೇಲೆ ಒಂದು ವೃತ್ತವನ್ನೂ ಎಳೆದರು. ಆ ದಿನ ಅವರು ನಮ್ಮವರೋ, ಎದುರಾಳಿಯೋ? ನಿಮ್ಮ ಉತ್ತರ ನೀವು ಗೆರೆಯನ್ನು ಎಲ್ಲಿ ಎಳೆದಿರಿ ಎಂಬುದನ್ನು ಹೇಳುತ್ತದೆ.

ಈ ಗೆರೆಯನ್ನು ದೊಡ್ಡದು ಮಾಡಲು ಸಾಧ್ಯ. 2005ರಲ್ಲಿ ಮಾರ್ಕ್ ಲೆವಿನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳ ಎದುರಿಗೆ ಒಬ್ಬಾತ ಓಡುತ್ತಾ ಬಂದು ಜಾರಿಬಿದ್ದು ನರಳುವಂತೆ ನಟಿಸಿದ. ತಮ್ಮ ತಂಡದ ಅಂಗಿ ತೊಟ್ಟಿದ್ದರೆ ಹೆಚ್ಚು ಮಂದಿ ನೆರವಿಗೆ ಹೋದರು. ಬದ್ಧ ಎದುರಾಳಿ ಲಿವರ್‌ಪೂಲ್ ಅಂಗಿಯಾದರೆ ಕೆಲವರು ಮಾತ್ರ. ಇನ್ನೊಂದು ಪ್ರಯೋಗದಲ್ಲಿ, ಮೊದಲು ಅವರಿಂದ ತಂಡದ ಬಗ್ಗೆ ಬರೆಸುವ ಬದಲು ಫುಟ್‌ಬಾಲ್ ಪ್ರೇಮಿಯಾಗಿರುವುದರ ಬಗ್ಗೆ ಬರೆಸಿದರು. ಆಗ ಲಿವರ್‌ಪೂಲ್ ಅಂಗಿಯವನಿಗೂ ಬಹುತೇಕ ಅಷ್ಟೇ ನೆರವು ದೊರೆಯಿತು. ನಮ್ಮ ದೇಶದಲ್ಲೂ ಇದಕ್ಕೆ ಸಾಕ್ಷಿಯಿದೆ. 1999ರ ಜನವರಿಯಲ್ಲಿ ಚೆನ್ನೈ ಟೆಸ್ಟನ್ನು ಪಾಕಿಸ್ತಾನ 12 ರನ್ನುಗಳಿಂದ ಗೆದ್ದಾಗ ಚೆಪಾಕಿನ ಪ್ರೇಕ್ಷಕರು ನೋವಿನ ನಡುವೆಯೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರ ದೇಶಾಭಿಮಾನವೇನೂ ಕಡಿಮೆಯಾಗಲಿಲ್ಲ.

ನೀವೂ ಒಂದು ಸಣ್ಣ ಪ್ರಯೋಗ ಮಾಡಬಹುದು. ಮುಂದಿನ ಪಂದ್ಯವನ್ನು ಎದುರು ತಂಡದ ಅಭಿಮಾನಿ ಗೆಳೆಯನೊಡನೆ ಕುಳಿತು ನೋಡಿ. ಎರಡೂ ತಂಡಗಳ ತಪ್ಪುಗಳನ್ನು, ಒಳ್ಳೆಯ ಆಟವನ್ನು ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಗುರುತು ಹಾಕಿ. ಪಂದ್ಯ ಮುಗಿದ ಮೇಲೆ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಗೆಳೆಯನೊಡನೆ ಜಗಳಕ್ಕೆ ನಿಲ್ಲುವ ಮೊದಲು ಆ ಎರಡು ಹಾಳೆಗಳ ವ್ಯತ್ಯಾಸವೆಷ್ಟು ಎಂದು ಲೆಕ್ಕ ಹಾಕಿ.