ಆ ತುಕ್ಕನ್ನು ಮಾತ್ರ ಉಜ್ಜಬೇಡಿ!

ಜಪಾನಿನ ಸಮುರಾಯ್ ಮನೆಗಳಲ್ಲಿ ಈಟಿಗಳನ್ನು ಬಾಗಿಲಿನ ಮೇಲ್ಭಾಗದಲ್ಲಿ, ಮರದ ಕೊಕ್ಕೆಗಳ ಮೇಲೆ ಅಡ್ಡಲಾಗಿ ಇಡುತ್ತಿದ್ದರು. ನೇರ ಅಲಗಿನದು ‘ಯಾರಿ’, ಬಾಗಿದ ಅಲಗಿನದು ‘ನಗಿನಾತ’. ಸಂಗ್ರಾಹಕರು ಈಗಲೂ ಹಾಗೇ ಇಡ್ತಾರೆ, ಅಲಗಿಗೆ ಮರದ ಒರೆ ಹಾಕಿ. ಅಲ್ಲಿ ಹಳೆಯ ಅಸಲಿ ಅಲಗು ಇಟ್ಟುಕೊಳ್ಳೋಕೆ ನೋಂದಣಿ ಪತ್ರ ಬೇಕೇ ಬೇಕು. ಮಾರಿದರೆ ಆ ಪತ್ರವೂ ಅಲಗಿನ ಜೊತೆಗೇ ಹೋಗುತ್ತೆ.

ಹೊಸಬರು ಎಡವೋದು ಸ್ವಚ್ಛ ಮಾಡುವಾಗ. ಅಲಗಿನ ಬುಡ ಕೋಲಿನೊಳಗೆ ಇಳಿದಿರುತ್ತೆ. ಬಿದಿರಿನ ಮೊಳೆ ತೆಗೆದರೆ ಹೊರಗೆ ಬರುತ್ತೆ. ಅಲ್ಲಿ ಕಪ್ಪು ತುಕ್ಕು ಕಾಣುತ್ತೆ. ಉಜ್ಜಬೇಡಿ! ತಜ್ಞರು ಅಲಗಿನ ವಯಸ್ಸು ಅಂದಾಜು ಮಾಡೋದು ಆ ತುಕ್ಕನ್ನೂ ನೋಡಿಯೇ. ಕಮ್ಮಾರ ಹೆಸರು ಕೆತ್ತಿದ್ದರೆ ಅದೂ ಅಲ್ಲೇ ಇರುತ್ತೆ. ಉಜ್ಜಿಬಿಟ್ಟರೆ ಬ್ಯಾಕಪ್ ಇಲ್ಲದ ಲಾಗ್ ಫೈಲ್ ಡಿಲೀಟ್ ಮಾಡಿದ ಹಾಗೆ. ಹೊಳೆಯುವ ಅಲಗಿಗಷ್ಟೇ ತೆಳುವಾಗಿ ಎಣ್ಣೆ ಸವರಿ, ಬರಿಗೈ ತಾಗಿಸಬೇಡಿ.